ಕೊರಳಪಟ್ಟಿಯ ಆಚೆ ಕಡೆ

“ಇಲವಾಲದ ಮಗ್ಗುಲಿನ ಹಳ್ಳಿಯಿಂದ ನಾನು ಮದ್ವೆ ಆಗಿ ಮಂಡಕಳ್ಳಿಗೆ ಬಂದಾಗ ನಂಗೆ ಹದಿನೇಳು ವರ್ಷ. ನಮ್ಮ ಮಾವ ನಿಂಗಯ್ಯನೋರು ಜಗಲಿ ಮೇಲೆ ಕೂತ್ಕಂಡು ಕುದುರೆ ಕೊರಳಪಟ್ಟಿ ಹೊಲೀತಿದ್ರು. ಒಕ್ಕಲ ಮನೇಲಿ ಇದೇನಪ್ಪಾ ಚರ್ಮದ ಕೆಲ್ಸ ಅಂತ ನಾನು ಮೂಗು ಮುಚ್ಕಂಡೆ. ಮಾವ ನಕ್ಬುಟ್ರು. ‘ಮೂಗು ಮುಚ್ಚೋ ಕೈನ ಇತ್ತಕಡೆ ಕೊಡವ್ವ, ಸೂಜಿ ಹಿಡಿಯೋಕಾಯ್ತದೆ’ ಅಂದ್ರು. ಅವ್ರು ಎತ್ತಿನಗಾಡಿ ಹೊಡೀತಿದ್ದೋರು. ಟಾಂಗಾ ಸ್ಟ್ಯಾಂಡಲ್ಲಿ ಪಟ್ಟಿ ರಿಪೇರಿ ಮಾಡ್ತಿದ್ದ ಒಬ್ಬ ತಾತನ ಪಕ್ಕ ಕೂತು ಕಲ್ತಿದ್ರಂತೆ. ಅವ್ರು ಹೇಳ್ಕೊಟ್ಟಿದ್ದು ನಂಗೆ ಬಂತು. ದಾರಕ್ಕೆ ಜೇನುಮೇಣ ತಿಕ್ಬೇಕು. ತಿಕ್ಕಿದ್ಮೇಲೆ ದಾರ ಬೆರಳಿಗೆ ಅಂಟ್ಬೇಕು, ಆದ್ರೆ ಬೆರಳಲ್ಲಿ ಮೇಣ ಉಳೀಬಾರ್ದು. ಆರೆ ಅಂದ್ರೆ ಚರ್ಮಕ್ಕೆ ತೂತು ಹಾಕೋ ಉಳಿ. ಅದನ್ನ ಓರೆಯಾಗಿ ಇಳಿಸ್ಬೇಕು. ನೆಟ್ಟಗೆ ಇಳಿಸಿದ್ರೆ ಹೊಲಿಗೆ ಸತ್ತಂಗೆ ಮಲಗ್ತದೆ. ಓರೆಯಾಗಿ ಇಳಿಸಿದ್ರೆ ರಾಗಿ ಪೈರು ಗಾಳಿಗೆ ಬಾಗ್ದಂಗೆ ಎಲ್ಲಾ ಒಂದೇ ಕಡೆ ಬಾಗ್ತವೆ. ಆ ಸಾಲಿನ ಮೇಲೆ ಕೆಂಪು ದಾರ ಸುತ್ಕೊಂಡು ಹೋದ್ರೆ ಜಡೆ ಹೊಲಿಗೆ. ಎರಡು ಸಾಲು ಎದುರುಬದುರು ಬಾಗಿಸಿದ್ರೆ ತೆನೆ ಹೊಲಿಗೆ. ನೋಡೋ ಜನ ಬಣ್ಣ ನೋಡ್ತಾರೆ. ಕುದುರೆಗೆ ಬಣ್ಣ ಕಟ್ಕೊಂಡು ಏನಾಗ್ಬೇಕು, ಗಂಟು ಚುಚ್ಚಬಾರ್ದು ಅಷ್ಟೆ. ಎಷ್ಟು ಪಟ್ಟಿ ಹೊಲ್ದೆ ಅಂತ ನಾನು ಲೆಕ್ಕ ಇಟ್ಟೋಳಲ್ಲ. ಆದ್ರೆ ನಾನು ಹೊಲ್ದ ಪಟ್ಟಿ ಹಾಕಿ ಒಂದು ಕುದುರೆ ಕೊರಳೂ ಹುಣ್ಣಾಗಿಲ್ಲ. ಅಷ್ಟು ಸಾಕು ನಂಗೆ.”

ದೇವಿರಮ್ಮ ಇಷ್ಟನ್ನೂ ಹೇಳಿದ್ದು ವಿಶ್ವನಾಥ್ ಮೇಷ್ಟ್ರ ಫೋನಿಗೆ. ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಸೇರಿ ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನ ಕೈಕಸುಬಿನ ಮೇಳ ನಡೆಸುತ್ತಾರೆ. ಈ ಸಲ ಚರ್ಮದ ಮೇಲಿನ ಚಿತ್ತಾರದ ಹೊಲಿಗೆಯೂ ಇರಲಿ ಎಂದು ಟಾಂಗಾದವರನ್ನು ವಿಚಾರಿಸಿಕೊಂಡು, ಮಂಡಕಳ್ಳಿಗೆ ಬಂದು, ಜಗಲಿಯ ಮೇಲೆ ಫೋನಿಟ್ಟು, “ನಿಮ್ಮ ಮಾತಲ್ಲೇ ಹೇಳಿ ದೇವಿರಮ್ಮನವರೇ” ಎಂದಿದ್ದರು. ದೇವಿರಮ್ಮ ಸೆರಗು ಸರಿಮಾಡಿಕೊಂಡು ಹೇಳಿದ್ದಳು. ಮೇಷ್ಟ್ರು ಅದನ್ನು ಒಂದಕ್ಷರವೂ ಬಿಡದೆ ಬರೆದು, ಅವಳ ಫೋಟೊ ಹಾಕಿ, ಹಳದಿ ಕಾಗದದಲ್ಲಿ ಅಚ್ಚು ಹಾಕಿಸಿ, ಮೇಳಕ್ಕೆ ಎರಡು ದಿನ ಇರುವಾಗ ಒಂದು ಕಂತೆಯನ್ನು ಮನೆಗೇ ಕಳಿಸಿಕೊಟ್ಟರು.

ಕಂತೆ ಬಂದಾಗ ಮಧ್ಯಾಹ್ನ. ದೇವಿರಮ್ಮ ಜಗಲಿಯಲ್ಲಿ ಹೊಲಿಯುತ್ತ ಕೂತಿದ್ದಳು. ಪಟ್ಟಿಯ ಆಚೆ ಕಡೆ ಅವಳ ಓರಗಿತ್ತಿ ಚಾಮುಂಡೇಶ್ವರಿ ಕೂತಿದ್ದಳು.

ಆ ಮನೆಯ ಕೆಲಸದ ಬಗೆಯೇ ಹಾಗೆ. ಕೊರಳಪಟ್ಟಿ ಎಂದರೆ ಟಾಂಗಾ ಕುದುರೆಯ ಕೊರಳಿಗೆ ಹಾಕುವ ದಪ್ಪ ಬಳೆಯಂಥದು. ಎರಡು ಚರ್ಮಗಳ ನಡುವೆ ತೆಂಗಿನ ನಾರು ತುರುಕಿ ಹೊಲಿದದ್ದು. ಗಾಡಿಯ ಭಾರವೆಲ್ಲ ಬೀಳುವುದು ಅದರ ಮೇಲೆ. ಅದನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ ನಿಲ್ಲಿಸಿದರೆ ಈಚೆ ಒಬ್ಬರು, ಆಚೆ ಒಬ್ಬರು. ಇಬ್ಬರ ಮುಖ ಇಬ್ಬರಿಗೂ ಕಾಣುವುದಿಲ್ಲ. ಒಂದೇ ದಾರ, ಎರಡು ತುದಿಗೆ ಎರಡು ದಬ್ಬಳ, ಅಂದರೆ ದಪ್ಪ ಸೂಜಿ. ಈಚೆಯವಳು ಆರೆಯಿಂದ ತೂತು ಮಾಡಿ ತನ್ನ ದಬ್ಬಳವನ್ನು ತೂರಿಸಿ “ಹೋಯ್ತು” ಎನ್ನಬೇಕು. ಆಚೆಯವಳು ಅದನ್ನು ಹಿಡಿದುಕೊಂಡು, ತನ್ನ ದಬ್ಬಳವನ್ನು ಅದೇ ತೂತಿನಲ್ಲಿ, ಹೋದ ದಾರದ ಕೆಳಗಿನಿಂದ ತೂರಿಸಿ “ಬಂತು” ಎನ್ನಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಎಳೆಯಬೇಕು. ಕೆಳಗಿನಿಂದ ಬರುವ ಬದಲು ಮೇಲಿನಿಂದ ಬಂದರೆ ಆ ಒಂದು ಹೊಲಿಗೆ ಅಡ್ಡಡ್ಡ ನಿಂತುಬಿಡುತ್ತದೆ, ಅದರ ಮೇಲೆ ಕೂರುವ ಜಡೆಯೂ ಕೆಡುತ್ತದೆ.

ನಿಂಗಯ್ಯನವರ ಕೈ ನಡುಗತೊಡಗಿದ ವರ್ಷವೇ ಚಾಮುಂಡೇಶ್ವರಿ ಅವರ ಕಿರಿಯ ಮಗ ಮೂಗಯ್ಯನ ಹೆಂಡತಿಯಾಗಿ ಬಂದದ್ದು. “ಆಚೆ ಕಡೆ ಕೂರೋಳು ಕಣ್ಣಿಂದ ಹೊಲೀಬಾರ್ದು ಮಗ, ಕಿವಿಯಿಂದ ಹೊಲೀಬೇಕು” ಎಂದು ಹೇಳಿ ಅವಳನ್ನು ಕೂರಿಸಿದ್ದರು. ಅದಾಗಿ ಇಪ್ಪತ್ತೇಳು ವರ್ಷ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರು, ನಡುವೆ ಗೋಡೆ ಎದ್ದಿತು. ಜಗಲಿ ಮಾತ್ರ ಭಾಗವಾಗಲಿಲ್ಲ. ಹೋಯ್ತು, ಬಂತು, ಹೋಯ್ತು, ಬಂತು. ಊರ ಮಗ್ಗುಲ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಇಬ್ಬರೂ ದಬ್ಬಳ ಹಿಡಿದು ಸುಮ್ಮನೆ ಕೂತು, ಸದ್ದು ಅಡಗಿದ ಮೇಲೆ ಮುಂದುವರಿಸುವರು. ಬಸುರಿ, ಬಾಣಂತನ, ಗಂಡಂದಿರ ಮೇಲಿನ ದೂರು, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲವೂ ಆ ಪಟ್ಟಿಯನ್ನು ದಾಟಿಯೇ ಹೋಗಬೇಕು. ದೇವಿರಮ್ಮನ ತಾಯಿ ತೀರಿಕೊಂಡ ತಿಂಗಳು, ಒಂದು ದಿನ ದಾರ ಸಡಿಲವಾಯಿತೆಂದು ಚಾಮುಂಡಿ ಎದ್ದು ಈಚೆ ಬಂದು ನೋಡಿದರೆ ದೇವಿರಮ್ಮ ಸದ್ದಿಲ್ಲದೆ ಅಳುತ್ತಿದ್ದಳು. ಮುಖ ನೋಡದೆ ದಾರದಲ್ಲೇ ತಿಳಿದುಕೊಂಡಿದ್ದಳು ಅವಳು.

ಮೇಷ್ಟ್ರು ಬಂದ ದಿನ ಚಾಮುಂಡಿ ತವರಿನಲ್ಲೊಂದು ನಾಮಕರಣಕ್ಕೆ ಹೋಗಿದ್ದಳು. ಹಾಗಾಗಿ ಹಳದಿ ಕಾಗದದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ದೇವಿರಮ್ಮನ ಸೊಸೆ ಅನು ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಪಾಠ ಓದುವ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು.

ಓದಿ ಮುಗಿಯಿತು. ದೇವಿರಮ್ಮನ ಮುಖ ಅರಳಿತ್ತು. “ಎಂಗದೆ ಚಾಮುಂಡಿ?” ಎಂದಳು.

ಆಚೆಯಿಂದ ದಬ್ಬಳ ಬರಲಿಲ್ಲ. ಮಾತು ಬಂತು: “ಚೆನ್ನಾಗದೆ ಕಣಕ್ಕ. ಮಾವ ಬಂದವ್ರೆ. ಕುದುರೆ ಬಂದದೆ. ಜೇನುಮೇಣ ಬಂದದೆ. ಟಾಂಗಾ ಸ್ಟ್ಯಾಂಡಿನ ತಾತನೂ ಬಂದವ್ನೆ. ನಾನೊಬ್ಳು ಬರ್ನಿಲ್ಲ.”

“ಅಯ್ಯೋ, ಮೇಷ್ಟ್ರು ಹೊಲಿಗೆ ವಿಷ್ಯ ಕೇಳಿದ್ರು, ನಾನು ಹೊಲಿಗೆ ವಿಷ್ಯ ಹೇಳ್ದೆ ಕಣೆ.”

“ಹೂಂ. ಒಂದು ಕುದುರೆ ಕೊರಳೂ ಹುಣ್ಣಾಗಿಲ್ಲ ಅಂದಿದ್ದೀಯ. ಕುದುರೆ ಮೈಗೆ ತಾಗೋದು ನಿನ್ ಕಡೆನಾ, ನನ್ ಕಡೆನಾ?”

ಪಟ್ಟಿಯ ಬಣ್ಣದ ಮೈ ಹೊರಗೆ, ಚಾಮುಂಡಿಯ ಕಡೆಯದು ಕುದುರೆಯ ಕೊರಳಿಗೆ. ಅದು ದೇವಿರಮ್ಮನಿಗೂ ಗೊತ್ತು. ಹೌದೆಂದಿದ್ದರೆ ಮುಗಿಯುತ್ತಿತ್ತು. ಸೊಸೆಯ ಎದುರಿಗೆ ಕಿರಿಯವಳಿಂದ ಹೇಳಿಸಿಕೊಂಡೆನಲ್ಲ ಎಂಬ ಮುಜುಗರಕ್ಕೆ ಬಾಯಿ ಜಾರಿತು.

“ನಾನು ತೂತು ಹಾಕ್ಕೊಟ್ಮೇಲೆ ಸೂಜಿ ತೂರ್ಸೋದೇನು ಬ್ರಹ್ಮವಿದ್ಯೆನಾ?”

ಚಾಮುಂಡಿ ತನ್ನ ದಬ್ಬಳವನ್ನು ಮೇಣದ ಉಂಡೆಗೆ ಚುಚ್ಚಿಟ್ಟಳು. ಎದ್ದು ಸೀರೆಗೆ ಅಂಟಿದ್ದ ನಾರು ಕೊಡವಿದಳು. “ಸರಿ ಬುಡು. ಬ್ರಹ್ಮವಿದ್ಯೆ ಅಲ್ದಿದ್ರೆ ನೀನೇ ತೂರಿಸ್ಕೊ” ಎಂದು ತನ್ನ ಬಾಗಿಲೊಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಬಡಿದಿದ್ದರೆ ದೇವಿರಮ್ಮನಿಗೆ ಎಷ್ಟೋ ವಾಸಿಯಿತ್ತು.

ಮಾರನೆ ದಿನ ದೇವಿರಮ್ಮ ಅನುವನ್ನು ಆಚೆ ಕೂರಿಸಿ ನೋಡಿದಳು. ಹತ್ತು ಹೊಲಿಗೆಯಲ್ಲಿ ಆರು ಸೊಟ್ಟಹಲ್ಲಿನ ಹಾಗೆ ಬಿದ್ದವು. ಎರಡು ಸಲ ಅನುವಿನ ಬೆರಳಿಗೆ ಚುಚ್ಚಿತು.

“ಅತ್ತೆ, ಸೂಜಿ ಎಲ್ಲಿಂದ ಬರ್ತದೆ ಅಂತ್ಲೇ ಗೊತ್ತಾಗಲ್ಲ!”

“ಕಿವಿ ಕೊಟ್ಟು ಕೇಳೇ.”

“ಕಿವಿ ಕೊಟ್ರೆ ಕಿವಿಗೇ ಚುಚ್ತದೆ, ಇನ್ನೇನಿಲ್ಲ. ಚಿಕ್ಕತ್ತೇನ ಕರೀರಿ, ನನ್ ಬೆರಳು ಉಳ್ಕೊಳ್ಳಲಿ.”

ಬಿಸಿಲು ಜಾರುವ ಹೊತ್ತಿಗೆ ಅನುವಿನ ಹೊಲಿಗೆ ಬಿಚ್ಚಲೆಂದು ದೇವಿರಮ್ಮ ಎದ್ದು ಆಚೆ ಕಡೆ ಹೋಗಿ ಕೂತಳು. ಆ ಜಾಗದಲ್ಲಿ ಕೂತು ಎಷ್ಟು ವರ್ಷವಾಗಿತ್ತೋ. ಪಟ್ಟಿಯ ಒಳಮೈ ಮೇಲೆ ಕೈಯಾಡಿಸಿದಳು. ಚಾಮುಂಡಿ ಹಾಕಿದ್ದ ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಒತ್ತಿ ಚರ್ಮದೊಳಕ್ಕೆ ಕೂರಿಸಿತ್ತು. ದಾರ ಮುಗಿದು ಗಂಟು ಹಾಕಬೇಕಾದ ಕಡೆ ಗಂಟನ್ನು ನಾರಿನೊಳಗೆ ಅದುಮಿ, ಮೇಲೆ ಮೇಣ ತೀಡಿ ಮುಚ್ಚಿತ್ತು. ಅಂಗೈ ಎಲ್ಲೂ ತಡೆಯಲಿಲ್ಲ. ಇಷ್ಟೆಲ್ಲ ಮಾಡು ಎಂದು ಅವಳಿಗೆ ದೇವಿರಮ್ಮ ಯಾವತ್ತೂ ಹೇಳಿರಲಿಲ್ಲ. ಮಾವ ಹೇಳಿದ್ದರೋ, ಅವಳೇ ಕಂಡುಕೊಂಡಳೋ, ಅದೂ ತಿಳಿಯದು. ಈಚೆ ಕಡೆಯ ರಾಗಿ ಪೈರು ಒಂದೇ ಕಡೆಗೆ ಬಾಗುವುದು ಆರೆಯ ಓರೆಯಿಂದ ಮಾತ್ರ ಅಲ್ಲ, ಆಚೆಯಿಂದ ಒಬ್ಬಳು ಅಳತೆ ತಪ್ಪದೆ ಕೆಳಕ್ಕೆ ಎಳೆಯುವುದರಿಂದ ಎಂದು ದೇವಿರಮ್ಮನಿಗೆ ಅಲ್ಲಿ ಕೂತಾಗ ಹೊಳೆಯಿತು.

ಗಂಡ ಕೆಂಪಯ್ಯ ಗೂಡ್ಸ್ ಆಟೊ ನಿಲ್ಲಿಸಿ ಒಳಗೆ ಬರುತ್ತ ನೋಡಿದ. “ಏನು, ಜಾಗ ಬದ್ಲಾಗದೆ? ಹೋಗಿ ಕರೀಬಾರ್ದಾ? ಹತ್ತು ಹೆಜ್ಜೆ.”

“ಹಿರಿಯೋಳು ನಾನು.”

“ಹಿರಿಯೋರಿಗೆ ಹತ್ತು ಹೆಜ್ಜೆ ಹದಿನೈದಾಯ್ತವಾ?”

ದೇವಿರಮ್ಮ ಏಳಲಿಲ್ಲ. ಮೇಳ ಕೆಟ್ಟರೆ ಕೆಡಲಿ, ಅದರ ಚಿಂತೆ ಅವಳಿಗಿರಲಿಲ್ಲ. ಚಾಮುಂಡಿ ಇನ್ನು ಮೇಲೆ ಆಚೆ ಕಡೆ ಕೂರುವಳೋ ಇಲ್ಲವೋ, ಅದೊಂದೇ ಯೋಚನೆ. ಕರೆದು, ಅವಳು ಒಲ್ಲೆನೆಂದುಬಿಟ್ಟರೆ? ಕರೆಯದಿದ್ದರೆ ಒಲ್ಲೆ ಅನ್ನುವ ಮಾತಾದರೂ ಹುಟ್ಟುವುದಿಲ್ಲವಲ್ಲ.

ಮೇಳದ ಮೊದಲ ದಿನ ಅರ್ಧ ಹೊಲಿದ ಪಟ್ಟಿ, ಚೌಕಟ್ಟು, ಮೇಣದ ಉಂಡೆ, ಎಲ್ಲವನ್ನೂ ಕೆಂಪಯ್ಯನ ಆಟೊದಲ್ಲಿ ಹೇರಿಕೊಂಡು ಹೋದರು. ಜನರ ಮುಂದೆ ಕೂತು ಹೊಲಿದು ಮುಗಿಸಿದ ಮೇಲೆ ಅದನ್ನು ಹೇಳಿ ಮಾಡಿಸುತ್ತಿದ್ದ ಟಾಂಗಾದವನು ಬಂದು ಅಲ್ಲಿಂದಲೇ ಒಯ್ಯುವುದೆಂದು ಮಾತಾಗಿತ್ತು. ಮೇಷ್ಟ್ರು ಕೆಂಪು ಜಮಖಾನೆ ಹಾಸಿ ಜಾಗ ಕೊಟ್ಟರು. ಮಡಕೆ ಮಾಡುವವರು ಒಂದು ಪಕ್ಕ, ಬುಟ್ಟಿ ಹೆಣೆಯುವವರು ಇನ್ನೊಂದು ಪಕ್ಕ. ಜನ ಸೇರಿದರು.

ಒಂಟಿಯಾಗಿ ಹೊಲಿಯಲು ಬಾರದೆಂದಲ್ಲ. ಹಲಸಿನ ಮರ ತಬ್ಬಿಕೊಂಡ ಹಾಗೆ ಪಟ್ಟಿಯ ಸುತ್ತ ಕೈ ಹಾಕಿ, ಆಚೆ ತಡವಿ ದಬ್ಬಳ ಹಿಡಿದು, ಮತ್ತೆ ಈಚೆಗೆ ತೂರಿಸಬೇಕು. ಮೊದಲ ನಾಲ್ಕು ಹೊಲಿಗೆ ಹಾಗೇ ಆಯಿತು. ಅಷ್ಟರಲ್ಲಿ ಕನ್ನಡಕದ ಹೆಂಗಸೊಬ್ಬರು, “ಈ ಜಡೆ ಥರ ಇರೋದಕ್ಕೆ ಏನಂತಾರಮ್ಮಾ?” ಎಂದು ಕೇಳಿದರು. ದೇವಿರಮ್ಮ ಜಡೆ ಹೊಲಿಗೆಯ ಬಗ್ಗೆ ಹೇಳುತ್ತ ಹೋದಳು. ಮನಸ್ಸು ಮಾತಿನ ಮೇಲೆ ಹೋದೊಡನೆ ಕೈ ತನ್ನ ಹಳೆಯ ದಾರಿ ಹಿಡಿಯಿತು. ಆರೆ ಇಳಿಸಿದಳು, ದಬ್ಬಳ ತೂರಿಸಿದಳು, “ಹೋಯ್ತು” ಎಂದಳು. ಅಂಗೈ ಅರಳಿಸಿ ಕಾಯುತ್ತ ಕೂತಳು.

ದಬ್ಬಳ ಆಚೆ ಬಿದ್ದು ದಾರದ ತುದಿಯಲ್ಲಿ ತೂಗಾಡುತ್ತಿತ್ತು. ಜನವೂ ಕಾದರು. ಇದೂ ಒಂದು ಕ್ರಮವಿರಬೇಕೆಂದು ಯಾರೋ ಫೋಟೊ ತೆಗೆದುಕೊಂಡರು. ಕೊನೆಗೆ ಮೇಷ್ಟ್ರೇ ಬಗ್ಗಿ ಕೇಳಿದರು, “ಏನಾದ್ರೂ ಬೇಕಿತ್ತಾ ದೇವಿರಮ್ಮನವರೇ?”

“ಸೂಜಿ ಬರ್ಬೇಕಿತ್ತು ಮೇಷ್ಟ್ರೆ.”

“ಎಲ್ಲಿಂದ?”

ಜನ ಗೊಳ್ಳೆಂದು ನಕ್ಕರು. ದೇವಿರಮ್ಮನಿಗೂ ನಗು ಬಂತು. ಜಮಖಾನೆಯ ಆಚೆ ತುದಿ ಬರಿದಾಗಿದ್ದುದನ್ನು ನೋಡಿದ ಮೇಲೆ ನಗು ನಿಂತಿತು. “ಇವತ್ತು ಇಷ್ಟೇ ಮೇಷ್ಟ್ರೆ” ಎಂದು ದಾರ ಸುತ್ತಿಟ್ಟಳು. ಉಳಿದ ಹೊತ್ತೆಲ್ಲ ಹಳೆಯ ಪಟ್ಟಿಗಳನ್ನು ತೋರಿಸುತ್ತ ಕಳೆದಳು.

ಸಂಜೆ ಆಟೊ ಮಂಡಕಳ್ಳಿ ಮುಟ್ಟಿದಾಗ ಚಾಮುಂಡಿ ತನ್ನ ಹೊಸ್ತಿಲಲ್ಲಿ ಕೂತು ಕೀರೆಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕೆಂಪಯ್ಯ ಜಗಲಿಯ ನಡುವೆ ನಿಂತು, ಅನುವಿಗೆ ಹೇಳುವವನ ಹಾಗೆ, ಬೀದಿಗೆಲ್ಲ ಕೇಳುವಂತೆ ಶುರುಮಾಡಿದ.

“ಏನು ಮರ್ಯಾದೆ ಅಂತೀಯವ್ವಾ ನಿಮ್ಮತ್ತೆಗೆ! ಐವತ್ತು ಜನ ನಿಂತವ್ರೆ. ಸೂಜಿ ತೂರ್ಸಿದ್ಲು. ‘ಹೋಯ್ತು’ ಅಂದ್ಲು. ಹೋಗೇಬುಡ್ತು. ಪ್ರಸಾದ ಇಸ್ಕೊಳ್ಳೋಳಂಗೆ ಕೈಯೊಡ್ಡಿ ಕೂತವ್ಳೆ, ಕೂತವ್ಳೆ, ಇನ್ನೂ ಕೂತವ್ಳೆ!”

ಚಾಮುಂಡಿಯ ಕೈ ಸೊಪ್ಪಿನ ಮೇಲೆ ನಿಂತಿತು. ತುಟಿ ಬಿಗಿಹಿಡಿದಳು. ಭುಜ ಕುಲುಕಿತು. ಆಮೇಲೆ ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡು, ಮೊರ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸಾಕಾದ ಮೇಲೆ ಕೇಳಿದಳು:

“ಎಷ್ಟು ಹೊತ್ತು ಕೂತಿದ್ದೆ ಅಂಗೆ?”

“ಒಂದು ವಿಮಾನ ಇಳಿಯೋವಷ್ಟು” ಎಂದಳು ದೇವಿರಮ್ಮ.

“ದಾರಕ್ಕೆ ಮೇಣ ಇತ್ತಾ?”

“ಇತ್ತು.”

“ಮತ್ತೆ ತೂಗಾಡೋವಾಗ ಸಿಕ್ಕು ಬಿದ್ದಿರ್ತದೆ. ಬಿಚ್ಚಿದ್ಯಾ?”

“ನೀನು ಬಿಚ್ಚು ಅಂತ ಅಂಗೇ ಇಟ್ಟಿದ್ದೀನಿ.” ದೇವಿರಮ್ಮ ಹೋಗಿ ಅವಳ ಹೊಸ್ತಿಲ ಪಕ್ಕ ಕೂತಳು. ಹತ್ತು ಹೆಜ್ಜೆಯೂ ಇರಲಿಲ್ಲ. ಒಂದು ಹಿಡಿ ಸೊಪ್ಪು ತನ್ನ ಮಡಿಲಿಗೆ ಎಳೆದುಕೊಂಡಳು. “ಮೇಷ್ಟ್ರು ಕೇಳ್ದಾಗ ನಿನ್ನ ಹೆಸ್ರು ಬಾಯಿಗೆ ಬರ್ನಿಲ್ಲ ಕಣೆ. ಬೇಕೂ ಅಂತ ಬುಟ್ಟಿದ್ದಲ್ಲ. ನಡ್ಕೊಂಡು ಬಂದೆ ಅನ್ನೋವಾಗ ಕಾಲಿನ ಹೆಸ್ರು ಯಾರಾದ್ರೂ ಹೇಳ್ತಾರಾ?”

“ಓಹೋ! ಈಗ ನನ್ನ ಕಾಲು ಮಾಡ್ಬುಟ್ಯಾ?”

“ಅಯ್ಯೋ, ಅಂಗಲ್ವೆ...”

“ತಲೆ ನೀನು, ಕಾಲು ನಾನು. ಮುಂದಿನ ವರ್ಷ ಅದನ್ನೂ ಅಚ್ಚು ಹಾಕ್ಸು.”

ದೇವಿರಮ್ಮ ಒಂದೆರಡು ಸೊಪ್ಪಿನ ದಂಟು ಮುರಿದಳು. ಆಮೇಲೆ ಮೆಲ್ಲಗೆ, “ಅವತ್ತು ಆಡಿದ್ ಮಾತು ತಪ್ಪು. ಬ್ರಹ್ಮವಿದ್ಯೆನೇ ಕಣೆ ಅದು. ನಿನ್ ಜಾಗದಲ್ಲಿ ಕೂತು ನೋಡ್ದೆ. ಗಂಟನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಹುಡುಕ್ದೆ, ಸಿಗ್ನಿಲ್ಲ” ಎಂದಳು.

ಚಾಮುಂಡಿ ಮೊರದಲ್ಲಿದ್ದ ಸೊಪ್ಪನ್ನು ಒಮ್ಮೆ ಕೊಡವಿ, “ನಾಳೆ ಎಷ್ಟೊತ್ತಿಗೆ ಹೊರಡೋದು?” ಎಂದು ಕೇಳಿದಳು. ಹಿಂದೆಯೇ ಸೇರಿಸಿದಳು: “ಚೌಕಟ್ಟನ್ನ ಅಡ್ಡ ಇಡಿಸು. ನಿನ್ನ ಮುಂದೇನೂ ಜನ ಇರ್ಬೇಕು, ನನ್ನ ಮುಂದೇನೂ ಇರ್ಬೇಕು. ಗೋಡೆ ನೋಡ್ಕೊಂಡು ಕೂರೋಕೆ ಮೈಸೂರ್ಗಂಟ ನಾನ್ಯಾಕೆ ಬರ್ಲಿ?”

ಎರಡನೆಯ ದಿನ ಚೌಕಟ್ಟು ಅಡ್ಡ ನಿಂತಿತು. ಮೇಷ್ಟ್ರಿಗೆ ವಿಷಯ ತಿಳಿದು ಮುಖ ಸಣ್ಣದಾಯಿತು. ಪೆನ್ನು ಹಿಡಿದು ಉಳಿದ ಹಳದಿ ಕಾಗದಗಳ ಮೇಲೆಲ್ಲ ‘ಜೊತೆಗೆ ಹೊಲಿದವರು: ಚಾಮುಂಡೇಶ್ವರಿ’ ಎಂದು ದುಂಡಗೆ ಬರೆಯುತ್ತ ಕೂತರು. ಚಾಮುಂಡಿ ಒಂದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, “ಓದಿ ಮೇಷ್ಟ್ರೆ” ಎಂದಳು. ಅವರು ಓದಿದರು. ಇನ್ನೊಂದನ್ನು ಕೊಟ್ಟು “ಇದನ್ನೂ” ಎಂದಳು. ಅದನ್ನೂ ಓದಿದರು. ಎರಡರಲ್ಲೂ ಅದೇ ಇದೆಯೆಂದು ಖಾತ್ರಿಯಾದ ಮೇಲೆ ಕೂತಳು.

ಹೋಯ್ತು, ಬಂತು. ಜನ ಒಮ್ಮೆ ಈಚೆ, ಒಮ್ಮೆ ಆಚೆ ಸುತ್ತಿ ಬಂದರು. ಕಾಣದ ದಬ್ಬಳವನ್ನು ಬರುವ ಮೊದಲೇ ಬೆರಳೊಡ್ಡಿ ಹಿಡಿಯುವುದನ್ನು ನೋಡಲು ಆಚೆ ಕಡೆಯಲ್ಲೇ ಹೆಚ್ಚು ಜನ ನಿಂತರು. ಒಬ್ಬರು, “ಆ ಕಡೆ ಕೂತಿರೋರು ಏನು ಮಾಡ್ತಾರೆ?” ಎಂದು ಕೇಳಿದ್ದಕ್ಕೆ ಚಾಮುಂಡಿ ಕತ್ತು ಎತ್ತದೆ, “ಅವ್ರಾ? ನಮ್ಮಕ್ಕ. ತೂತು ಹಾಕ್ಕೊಡ್ತಾರೆ” ಎಂದಳು. ಈಚೆಯಿಂದ ದಾರ ಒಮ್ಮೆ ಜೋರಾಗಿ ಜಗ್ಗಿತು. ಆಚೆಯಿಂದ ನಗು ಕೇಳಿತು.

ಮೂರನೆಯ ದಿನ ಮಧ್ಯಾಹ್ನಕ್ಕೆ ಪಟ್ಟಿ ಮುಗಿಯಿತು. ಟಾಂಗಾದವನು ಬಂದ. ಕೆಂಪು ಜಡೆ, ಹಳದಿ ತೆನೆ, ಇದನ್ನೆಲ್ಲ ಅವನು ನೋಡಲೇ ಇಲ್ಲ. ಪಟ್ಟಿಯನ್ನು ಮಗುಚಿ ಒಳಮೈ ಮೇಲೆ ಅಂಗೈ ಊರಿ ಸುತ್ತಲೂ ಸವರಿದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದ.

“ಬೆಣ್ಣೆ ಇದ್ದಂಗದೆ ದೇವಿರಮ್ಮೋರೆ.”

“ಅದು ಚಾಮುಂಡಿ ಕೆಲ್ಸ ಕಣಪ್ಪ. ಅವ್ಳಿಗೆ ಹೇಳು.”

ಅವನು ಚಾಮುಂಡಿಯ ಕಡೆ ತಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಚಾಮುಂಡಿ ಮೇಣದ ಉಂಡೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವಳು, “ಮಳೇಲಿ ನೆನೆಸ್ಬೇಡ. ವಾರಕ್ಕೊಂದ್ಸಲ ಎಣ್ಣೆ ಸವರು” ಎಂದಳು. ಮುಖದಲ್ಲಿ ಮಾತ್ರ ಹಬ್ಬವಿತ್ತು.

ಮನೆಗೆ ಬಂದಾಗ ಐದೂವರೆ. ಚೌಕಟ್ಟನ್ನು ಇಬ್ಬರೂ ಹಿಡಿದು ಜಗಲಿಯ ಮೇಲೆ ಅದರ ಜಾಗದಲ್ಲಿ ಇಟ್ಟರು. ನಾಳೆ ಬೆಳಿಗ್ಗೆ ಒಂದು ಜೊತೆ ಎತ್ತಿನ ಗೆಜ್ಜೆಪಟ್ಟಿ ಹಿಡಿಯುವುದೆಂದು ಮಾತಾಯಿತು. ಚಾಮುಂಡಿ ತನ್ನ ಒಲೆಯ ಕಡೆ ಹೋದಳು. ದೇವಿರಮ್ಮ ಕೈಕಾಲು ತೊಳೆದುಕೊಂಡು ಒಳಗೆ ಬಂದು, ಮುದ್ದೆಗೆ ಪಾತ್ರೆಯಲ್ಲಿ ನೀರಿಟ್ಟು ಉಪ್ಪಿನ ಹರಳು ಹಾಕಿದಳು. ನೀರು ಮರಳಿದ ಮೇಲೆ ರಾಗಿಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ, ಉರಿ ತಗ್ಗಿಸಿದಳು. ಹಿಟ್ಟು ಬೆಂದ ವಾಸನೆ ಬರುವವರೆಗೆ ಕಾದು, ಪಾತ್ರೆಯನ್ನು ಕೆಳಗಿಳಿಸಿ, ಎರಡು ಪಾದಗಳ ನಡುವೆ ಬಟ್ಟೆ ಕೊಟ್ಟು ಹಿಡಿದುಕೊಂಡು, ಗಂಟಿಲ್ಲದ ಹಾಗೆ ತೊಳಸತೊಡಗಿದಳು.